ಮುಖ ಬರಬಾರದು ಎಂಬ ಕರಾರು

ಆ ಸಿನಿಮಾದಲ್ಲಿ ನಾನು ಹೊರಸಿನ ಮೇಲೆ ಮಲಗಿದವನು ಮಲಗಿದ ಹಾಗೆಯೇ ನೆಲ ಬಿಟ್ಟು ಮೇಲೇಳುತ್ತೇನೆ. ಒಂದು ಮೊಳ ಏಳುವಷ್ಟರಲ್ಲಿ ತಲೆಯ ಕಡೆಯ ಹಗ್ಗ ಜಾರುತ್ತದೆ, ಹೊರಸು ವಾಲುತ್ತದೆ, ನಾನು ಬೇವಿನ ಮರದ ಬುಡಕ್ಕೆ ಉರುಳುತ್ತೇನೆ. ಅಲ್ಲಿಂದ ಮುಂದೆ ಚಿತ್ರ ಗಡಗಡ ನಡುಗುತ್ತದೆ. ನಡುಗುವುದು ಕ್ಯಾಮೆರಾ ಹಿಡಿದವಳ ನಗೆಗೆ. ಹಿಡಿದವಳು ನನ್ನ ತಂಗಿಯ ಮಗಳು. ಈಗ ಅವಳಿಲ್ಲ.

ಸಿನಿಮಾ ಎಂದರೆ ದೊಡ್ಡ ಮಾತಾಯಿತು. ಪಿಯುಸಿ ಎರಡನೇ ವರ್ಷದ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವಳು, ನನ್ನ ಮಗ, ಮತ್ತು ಕಿತ್ತೂರಿನವನಾದ ಅವನ ಗೆಳೆಯ, ಮೂವರೂ ಸೇರಿ ಮೊಬೈಲಿನಲ್ಲಿ ತೆಗೆಯಲು ಹೊರಟಿದ್ದು ಅದು. ನಾನು ಬೈಲಹೊಂಗಲದಲ್ಲಿ ಹಳೆಯ ಟ್ರ್ಯಾಕ್ಟರ್ ಕೊಂಡು ಮಾರುವವನು. ತಂಗಿಯ ಮನೆ ಸವದತ್ತಿಯಲ್ಲಿ. ಅವಳ ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹೆಚ್ಚು ದಿನ ಹೊರಗೇ ಇರುತ್ತಾನೆ. ರಜೆಯ ನೆವದಲ್ಲಿ ಹುಡುಗರಿಬ್ಬರೂ ತಂಗಿಯ ಮನೆಗೆ ಹೋಗಿ ಠಿಕಾಣಿ ಹೂಡಿದರು. ಕಥೆಗೆ ಬೇಕಾದ ಬಯಲು ಅಲ್ಲಿತ್ತು.

ಕಥೆ ಎಲ್ಲ ಹುಡುಗಿಯದೇ. ಮಲಪ್ರಭೆಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಬಿರುಕು ಬಿಟ್ಟ ನೆಲದಲ್ಲಿ ಒಬ್ಬ ಕುರುಬನಿಗೆ ಒಂದು ಮೊಬೈಲ್ ಸಿಗುತ್ತದೆ. ಅದರೊಳಗಿರುವ ವಿಡಿಯೋಗಳೇ ಸಿನಿಮಾ. ಮೂವರು ಕಾಲೇಜು ಹುಡುಗರು ಆ ಬಯಲಿನಲ್ಲಿ ಬೆಚ್ಚಗಿರುವ ಒಂದು ಕಲ್ಲನ್ನು ಮುಟ್ಟುತ್ತಾರೆ. ಮರುದಿನದಿಂದ ಒಬ್ಬನಿಗೆ ಎಷ್ಟು ಬಿದ್ದರೂ ಪೆಟ್ಟಾಗುವುದಿಲ್ಲ, ಇನ್ನೊಬ್ಬ ಬಾವಿ ಜಿಗಿಯುತ್ತಾನೆ, ಹುಡುಗಿ ದಿಟ್ಟಿಸಿ ನೋಡಿದ್ದೆಲ್ಲ ಮೇಲೇಳುತ್ತದೆ. ಕೊನೆಗೆ ಮೂವರೂ ಕಾಣೆಯಾಗುತ್ತಾರೆ, ಮೊಬೈಲ್ ಉಳಿಯುತ್ತದೆ.

"ಸತ್ತೋರ ಮೊಬೈಲಿನ ಕಥಿ ಯಾಕವಾ? ನಗೂ ಅಂಥಾದ್ದು ಏನರ ತಗೀ," ಅಂದೆ.

"ಸತ್ತೋರಲ್ಲ ಮಾಮಾ, ಕಾಣಿ ಆದೋರು. ಕಥಿ ಪೂರಾ ಕೇಳದ ರೇಟ್ ಕಟ್ಟಬ್ಯಾಡ್ರಿ."

ಅವಳು ನನಗೆ ಲೆಕ್ಕ ಒಪ್ಪಿಸಿದ ರೀತಿ ನನಗೆ ಹಿಡಿಸಿತು. ಇಂಥ ಸಿನಿಮಾಕ್ಕೆ ಲೈಟು ಬೇಡ, ದೊಡ್ಡ ಕ್ಯಾಮೆರಾ ಬೇಡ. ಕೈ ನಡುಗಿದರೆ ಇನ್ನೂ ಚಲೋ, ನೋಡುವವರಿಗೆ ಖರೇ ಅನ್ನಿಸುತ್ತದೆ. ಕ್ಯಾಮೆರಾ ಮಾತ್ರ ಎಂದೂ ನಿಲ್ಲಬಾರದು. ಏನೂ ನಡೆಯದಿದ್ದಾಗಲೂ ಓಡುತ್ತಿರಬೇಕು, ಯಾಕೆಂದರೆ ಸಿಕ್ಕ ಮೊಬೈಲಿನಲ್ಲಿ ಎಲ್ಲ ಸೇರಿಕೊಂಡೇ ಇರುತ್ತದೆ. ಇದ್ದ ಕೊರತೆಯನ್ನೇ ಮಾಲಿನ ಗುಣ ಮಾಡಿ ತೋರಿಸುವುದು ನಾನು ವರ್ಷಗಟ್ಟಲೆ ಪೆಟ್ಟು ತಿಂದು ಕಲಿತ ವಿದ್ಯೆ. ಅದು ಅವಳಿಗೆ ಹುಟ್ಟಿನಿಂದಲೇ ಬಂದಿತ್ತು.

ಅಡ್ಡ ಬಂದದ್ದು ತಂಗಿ.

"ಹುಡುಗಿ ಮಾರಿ ಮೊಬೈಲಿನ್ಯಾಗ ಊರೆಲ್ಲಾ ತಿರುಗೂದು ನನಗ ಬ್ಯಾಡ. ನಾಳಿ ನೋಡಾಕ ಬಂದೋರು ಏನಂದಾರು?"

ಅವಳ ಭಯ ಸುಳ್ಳಿನದಲ್ಲ. ರಾಮದುರ್ಗದ ಕಡೆ ನಮ್ಮ ಬೀಗರೊಬ್ಬರ ಮಗಳು ಕಾಲೇಜಿನಲ್ಲಿ ಕುಣಿದ ವಿಡಿಯೋ ಯಾರಯಾರದೋ ಮೊಬೈಲಿಗೆ ಹೋಗಿ, ಗೊತ್ತಾಗಿದ್ದ ಮದುವೆ ಮುರಿದಿತ್ತು. ಅಂದಿನಿಂದ ನಮ್ಮ ಮನೆತನಗಳಲ್ಲಿ ಹರೆಯಕ್ಕೆ ಬಂದ ಹುಡುಗಿಯರು ಮದುವೆಮನೆಯ ಫೋಟೋದಲ್ಲೂ ಅತ್ತೆ ಚಿಕ್ಕಮ್ಮಂದಿರ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಮೇಲಾಗಿ ನನ್ನ ಮಗ ಅವಳಿಗೆ ಸೋದರಮಾವನ ಮಗ. ಇಬ್ಬರನ್ನೂ ಒಂದೇ ಚಿತ್ರದಲ್ಲಿ ನೋಡಿದರೆ ಮಂದಿ ತಾವೇ ಲಗ್ನ ಮಾಡಿ ಮುಗಿಸುತ್ತಾರೆ.

ಇಂಥ ಕಡೆ ಹೇಗೆ ಕುದುರಿಸಬೇಕು ಎಂದು ಕೇಳಿದರೆ ನಾನು ಹೇಳುವುದಿಷ್ಟು. ಎದುರಿನವರು ಪೂರಾ ಬೇಡ ಅಂದಾಗ ನೀವು ಪೂರಾ ಬೇಕು ಅನ್ನಬೇಡಿ. ಅವರ ಹೆದರಿಕೆ ಯಾವ ತುಂಡಿನಲ್ಲಿ ಕೂತಿದೆ ಎಂದು ಹುಡುಕಿ. ಆ ತುಂಡನ್ನು ಅವರಿಗೇ ಬಿಟ್ಟುಕೊಡಿ, ಉಳಿದದ್ದನ್ನು ತೆಗೆದುಕೊಂಡು ಏಳಿ.

ತಂಗಿಯ ಹೆದರಿಕೆ ಇದ್ದದ್ದು ಹುಡುಗಿಯ ಮುಖದಲ್ಲಿ.

ಟ್ರ್ಯಾಕ್ಟರಿಗೆ ಬರುವ ಮೊದಲು ನಾನು ದನದ ಪ್ಯಾಟೆಯಲ್ಲಿ ದಲಾಲನಾಗಿದ್ದೆ. ಅಲ್ಲಿ ದರ ಬಾಯಿಂದ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಮಾತಾಡುತ್ತೇವೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಟವೆಲ್ ತೆಗೆದ ಮೇಲೆ ಆ ವ್ಯಾಪಾರವನ್ನು ಯಾರೂ ಮತ್ತೆ ಎತ್ತುವಂತಿಲ್ಲ. ನಾನು ಪಡಸಾಲೆಯಲ್ಲಿ ಕೂತು ಹೆಗಲ ಮೇಲಿನ ಟವೆಲ್ ಹಾಸಿ ತಂಗಿಯ ಕೈ ಎಳೆದುಕೊಂಡೆ.

"ಏ ಅಣ್ಣಾ, ನಾ ಏನ ಎತ್ತ ಮಾರಾಕ ಬಂದೇನೇನ?" ಅಂತ ಬೈದಳು. ಬೈಯುತ್ತಲೇ ನನ್ನ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದಳು.

"ಒಂದ ಮಾತು. ಮಾರಿ ಬರಬಾರ್ದು."

"ಆತು."

ಇನ್ನೊಂದು ಬೆರಳೂ ಹಿಡಿದಳು. "ದಿನಾ ಸಂಜಿಗೆ ಮೊಬೈಲ್ ನನ್ನ ಕೈಯಾಗ ಕೊಡಬೇಕು. ಎಲ್ಲೆರ ಅಕಿ ಮಾರಿ ಬಂದಿತ್ತಂದ್ರ ನಾನ ಅಳಸಾಕಿ."

"ಅದೂ ಆತು," ಎಂದು ಟವೆಲ್ ತೆಗೆದೆ.

ಹುಡುಗಿ ಮುನಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಕುಣಿದೇಬಿಟ್ಟಳು. "ಅವ್ವಾ, ಇಂಥಾ ಸಿನಿಮಾದಾಗ ಕ್ಯಾಮೆರಾ ಹಿಡಿದೋರ ಮಾರಿ ಬರೂದ ಇಲ್ಲ! ನನ್ನ ಕಣ್ಣ ಕ್ಯಾಮೆರಾ. ನಾ ಯಾವುದರ ಕಡೆ ತಿರುಗಿಸ್ತೇನಿ ಅದು ಮ್ಯಾಲ ಏಳತದ." ಆಮೇಲೆ ನನ್ನ ಕಡೆ ತಿರುಗಿ, "ಮಾಮಾ, ಪಾರ್ಟಿ ಎರಡೂ ಖುಷಿ ಆದ್ರ ದಲಾಲಗ ಕಮಿಷನ್ ಎಷ್ಟ್ರಿ?" ಅಂದಳು.

ಕಮಿಷನ್ ಎಂದು ನನಗೆ ಹೊರಸಿನ ಪಾತ್ರ ಸಿಕ್ಕಿತು. ಮಧ್ಯಾಹ್ನದ ನಿದ್ದೆಯಲ್ಲಿರುವ ಊರಗೌಡ. ಹೊರಸಿನ ನಾಲ್ಕು ಕಾಲಿಗೂ ತೆಳ್ಳನೆಯ ವಾಯರು ಕಟ್ಟಿ, ಬೇವಿನ ಕೊಂಬೆಯ ಮೇಲಿಂದ ಇಳಿಬಿಟ್ಟು, ಗೋಡೆಯ ಆಚೆ ಹುಡುಗರಿಬ್ಬರೂ ಓಣಿಯ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಜಗ್ಗಲು ನಿಂತಿದ್ದರು. ಕೊಡಪಾನ ಎತ್ತಿದ ವಾಯರು ಅದು. ನನ್ನನ್ನೂ ಎತ್ತೀತೆಂದು ಅವಳ ಅಂದಾಜು. ನಾನು ಸಂಶಯ ಪಟ್ಟು ತಲೆಯ ಕಡೆಯ ವಾಯರು ಬಿಚ್ಚಿಸಿ ಅಲ್ಲಿ ಮಾತ್ರ ಹಗ್ಗ ಹಾಕಿಸಿದ್ದೆ. ವಾಯರು ಹಿಡಿಯಿತು, ಹಗ್ಗ ಜಾರಿತು.

"ಮಾಮಾ, ಕ್ಯಾಮೆರಾ ಕಡೆ ನೋಡಬ್ಯಾಡ್ರಿ. ನಿದ್ದಿ ಮಾಡೋರು ಯಾರರ ಒಂದ ಕಣ್ಣ ತಗದ ಮಾಡ್ತಾರನ?"

"ನನ್ನ ನಡಾ ಮುರಿದ್ರ ಯಾರ ಜವಾಬ್ದಾರಿ, ಅದನ್ನ ಮೊದಲ ಹೇಳ."

"ನಿಮ್ಮ ನಡಾ ಮುರದ್ರ ಸೆಕೆಂಡ್‌ಹ್ಯಾಂಡ್ ನಡಾ ಹುಡುಕೋಣಂತ. ನಿಮಗ ಮಾರ್ಕೆಟ್ ಗೊತ್ತೈತಲ್ರಿ."

ಅವಳು ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಮುಂದಿನ ಒಂದು ಹಲ್ಲು ಸ್ವಲ್ಪ ಸೊಟ್ಟಗಿತ್ತು, ಅದಕ್ಕೆ. ಮೊಬೈಲ್ ಒಂದು ಕೈಯಲ್ಲಿ, ಇನ್ನೊಂದು ಕೈ ಬಾಯಿಯ ಮೇಲೆ. ಹಾಗಾಗಿಯೇ ನಾನು ಬಿದ್ದ ತುಣುಕು ಅಷ್ಟು ನಡುಗಿದ್ದು.

ಮಳೆಗಾಲ ಬಂತು. ಹಿನ್ನೀರು ಏರಿ ಬಯಲು ಮುಳುಗಿತು, ಕೊನೆಯ ದೃಶ್ಯ ಉಳಿದುಬಿಟ್ಟಿತು. ಮುಂದಿನ ಬೇಸಿಗೆಗೆ ತೆಗೆಯೋಣ ಎಂದು ಮೂವರೂ ಮಾತಾಡಿಕೊಂಡಿದ್ದರು. ಕಾಲೇಜು ಸೇರಿ ಇನ್ನೂ ಪುಸ್ತಕ ಕೊಂಡಿರಲಿಲ್ಲ, ಅವಳಿಗೆ ಜ್ವರ ಬಂತು. ಸವದತ್ತಿಯಲ್ಲಿ ತೋರಿಸಿದೆವು, ಇಳಿಯಿತು, ಮತ್ತೆ ಏರಿತು. ಬೆಳಗಾವಿಗೆ ಕರೆದೊಯ್ದೆವು. ಡಾಕ್ಟರರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಅಲ್ಲಿ ನಾನು ಯಾರ ಜೊತೆ ಏನು ಕುದುರಿಸಲಿ? ಅವಳನ್ನು ಊರಿಗೆ ತರುವಾಗ ಯರಗಟ್ಟಿಯ ಹತ್ತಿರ ಗಾಡಿಯಲ್ಲಿ ತಂಗಿ ಒಂದೇ ಒಂದು ಮಾತು ಆಡಿದಳು. "ಅಣ್ಣಾ, ಅಕಿಗಿ ಸೆಕಿ ಆಗತದ, ಕಿಟಕಿ ತಗೀ." ನಾನು ತೆಗೆದೆ.

ಮಣ್ಣು ಮಾಡಿ ಬಂದ ಮೇಲೆ, ಮೂಲೆಯಲ್ಲಿ ದೀಪದ ಪಕ್ಕ ಇಡಲು ಫೋಟೋ ಬೇಕಾಯಿತು. ಆಗ ತಿಳಿಯಿತು, ಇಲ್ಲ. ಚಿಕ್ಕವಳಿದ್ದಾಗಿನವು ಇದ್ದವು. ದೊಡ್ಡವಳಾದಾಗ ಸೀರೆ ಉಡಿಸಿ ಆರತಿ ಮಾಡಿದ್ದು ಒಂದಿತ್ತು, ಅದರಲ್ಲಿ ತಲೆ ಬಗ್ಗಿಸಿ ಕೂತಿದ್ದಾಳೆ. ಉಳಿದದ್ದು ಪರೀಕ್ಷೆಯ ಕಾರ್ಡಿಗೆ ತೆಗೆಸಿದ ಫೋಟೋ. ಎಣ್ಣೆ ಹಚ್ಚಿ ಬಿಗಿದು ಹಾಕಿದ ಹೆರಳು, ಫೋಟೋದವನು ನಗಬೇಡ ಎಂದು ಗದರಿದ್ದಕ್ಕೆ ಹುಬ್ಬು ಗಂಟು. ಸದ್ಯಕ್ಕೆ ಅದನ್ನೇ ಇಟ್ಟೆವು. ತಂಗಿ ಅದರ ಕಡೆ ನೋಡುತ್ತಲೇ ಇರಲಿಲ್ಲ.

ವರ್ಷದ ಕಾರ್ಯ ಹತ್ತಿರ ಬಂದಾಗ ನನಗೆ ಹೇಳಿ ಕಳಿಸಿದಳು. ಹೋದೆ. ನೀರು ಕೊಟ್ಟು ಎದುರಿಗೆ ಕೂತಳು.

"ಅವತ್ತ ಕಾರ್ಯದ ದಿನಾ ಮಂದಿ ಬರ್ತಾರ. ದೊಡ್ಡ ಫೋಟೋಕ್ಕ ವಿಭೂತಿ ಹಚ್ಚಿ ಹಾರ ಹಾಕಬೇಕು. ಆ ಸಿಟ್ಟಿನ ಮಾರಿ ಇಡಾಕ ನನಗ ಆಗೂದಿಲ್ಲಣ್ಣಾ. ನಗೂದು ಒಂದು ಬೇಕು. ನೀ ಹುಡುಕಿ ಕೊಡು."

"ಎಲ್ಲಿಂದ ತರಲೆವಾ?"

"ಮೊಬೈಲಿನ್ಯಾಗ ಇತ್ತು. ಹುಡುಗರು ಯಾರೋ ತಗದಿದ್ರು. ಹಳ್ಳದಾಗ ಬೊಗಸಿಲೆ ನೀರ ಕುಡದು ಮ್ಯಾಲ ಎದ್ದಳು, ಗದ್ದದಿಂದ ನೀರ ಇಳಿಯಾಕ ಹತ್ತಿತ್ತು, ನಗಾಕ ಹತ್ತಿದ್ಲು. ಬಾಯಿಗೆ ಕೈ ಸೈತ ಅಡ್ಡ ಇರಲಿಲ್ಲ. ನೋಡಿದ್ನಿ. ನೋಡಿ ಅಳಿಸಿದ್ನಿ."

ಕರಾರಿನಂತೆ ಅವಳು ಒಂದು ಸಂಜೆಯನ್ನೂ ತಪ್ಪಿಸಿರಲಿಲ್ಲ. ಒಬ್ಬೊಬ್ಬರೂ ತಮ್ಮ ಮಾತು ನಡೆಸಿಕೊಟ್ಟ ವ್ಯಾಪಾರ ಅದು. ಅಂಥವು ನನ್ನ ಜನ್ಮದಲ್ಲಿ ಕಡಿಮೆ.

ನಾನು ಓಡಾಡಿದೆ. ಬೈಲಹೊಂಗಲದಲ್ಲಿ ಮೊಬೈಲ್ ರಿಪೇರಿ ಮಾಡುವ ಪರಿಚಯದ ಹುಡುಗ, ಅಳಿಸಿದ ಜಾಗದ ಮೇಲೆ ಆಮೇಲೆ ಎಷ್ಟೋ ವಿಡಿಯೋ ತುಂಬಿದ್ದಾರೆ, ಬರುವುದಿಲ್ಲ ಅಂದ. ನಾನು ಬಿಡದೆ, ಅವನು ಕೇಳದಿದ್ದರೂ ನಾನೇ ಹೆಚ್ಚು ಹೆಚ್ಚು ಕೊಡುತ್ತೇನೆ ಎನ್ನುತ್ತ ಹೋದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, "ಸಾಹುಕಾರ್ರ, ಇಲ್ಲದ ಮಾಲಿಗಿ ನಾ ಹ್ಯಾಂಗ ರೇಟ್ ಹೇಳ್ಲಿ?" ಅಂದ. ಹುಬ್ಬಳ್ಳಿಗೂ ಹೋಗಿ ಬಂದೆ. ಅಲ್ಲಿಯೂ ಅದೇ ಮಾತು, ಇಂಗ್ಲಿಷು ಸ್ವಲ್ಪ ಹೆಚ್ಚು.

ಸವದತ್ತಿಯ ಬಸ್‌ಸ್ಟ್ಯಾಂಡ್ ಬಳಿಯ ಸ್ಟುಡಿಯೋದವನು ಮಾತ್ರ ಧೈರ್ಯ ಕೊಟ್ಟ. ಕಾರ್ಡಿನ ಫೋಟೋ ಇದ್ದರೆ ಸಾಕಂತೆ, ಕಂಪ್ಯೂಟರು ತಾನೇ ನಗಿಸಿಕೊಡುತ್ತದಂತೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ನಗಿಸಿದ್ದ. ಹುಬ್ಬಿನ ಗಂಟು ಸಡಿಲಿತ್ತು, ಕೆನ್ನೆ ತುಂಬಿತ್ತು, ಹಲ್ಲು ಸಾಲಾಗಿ ಹೊಳೆಯುತ್ತಿದ್ದವು. ನನಗೂ ಒಂದು ಗಳಿಗೆ ಅವಳೇ ಅನ್ನಿಸಿತು. ಕಟ್ಟು ಹಾಕಿಸಿ ಒಯ್ದೆ.

ತಂಗಿ ಬಹಳ ಹೊತ್ತು ನೋಡಿದಳು.

"ಇಕಿ ಯಾರು?"

"ನೋಡವಾ, ಕಣ್ಣ ಅವ..."

"ಚಂದ ಅದಾಳ. ಯಾರ ಮಗಳೋ ಏನೋ. ನಮ್ಮಕಿ ಹಲ್ಲ ಸೊಟ್ಟ ಇತ್ತು." ಕಟ್ಟನ್ನು ಮಗುಚಿ ನನ್ನ ತೊಡೆಯ ಮೇಲೆ ಇಟ್ಟಳು. "ಒಯ್ದ ಬಿಡು."

ನಿಮ್ಮಲ್ಲಿ ಯಾರಿಗಾದರೂ ಇಂಥ ಹೊತ್ತು ಬಂದರೆ, ಕಂಪ್ಯೂಟರಿನವನ ಹತ್ತಿರ ಹೋಗಬೇಡಿ ಎಂದು ಹೇಳುವುದಿಲ್ಲ. ಆದರೆ ಮಾಡಿಸಿದ್ದನ್ನು ಹೆತ್ತವಳ ಕೈಗೆ ಕೊಡುವ ಮೊದಲು ನೀವೊಬ್ಬರೇ ಒಂದು ದಿನ ಇಟ್ಟುಕೊಂಡು ನೋಡಿ.

ಕೊನೆಗೆ ತಂಗಿಯೇ ಹೇಳಿದಳು: ಉಳಿದ ವಿಡಿಯೋ ಎಲ್ಲ ತನಗೆ ತೋರಿಸಬೇಕು, ಎಲ್ಲೋ ಒಂದು ಕಡೆ ತನ್ನ ಕಣ್ಣು ತಪ್ಪಿಸಿ ಅವಳ ಮುಖ ಉಳಿದಿರಬೇಕು ಎಂದು. ಮೊಬೈಲ್ ನನ್ನ ಮಗನ ಹತ್ತಿರ ಇತ್ತು. ರಿಪೇರಿಯವರಿಗೆ ತೋರಿಸಲು ನಾನು ಒಯ್ದದ್ದು ಬಿಟ್ಟರೆ, ಒಂದು ವರ್ಷ ಅವನು ಅದನ್ನು ಕಪಾಟಿನಿಂದ ತೆಗೆದಿರಲಿಲ್ಲ. ಒಂದು ಭಾನುವಾರ ಊಟದ ಮೇಲೆ ಪಡಸಾಲೆಯಲ್ಲಿ ಮೂವರೂ ಗೋಡೆಗೆ ಒರಗಿ ಕೂತೆವು, ತಂಗಿ ನಡುವೆ.

ಮಗ ಒಂದೊಂದೇ ವಿಡಿಯೋ ಹಚ್ಚುತ್ತ ಹೋದ. ಒಣಗಿದ ಬಯಲು, ಮುಳುಗಿದ ಊರಿನ ಮೋಟು ಗೋಡೆಗಳು, ಏಳುವ ಕೊಡಪಾನ, ಏಳುವ ಸೈಕಲ್ಲು. ಅವಳ ಬೆರಳು ಅಡ್ಡ ಬಂದು ಕೆಂಪಾದ ಪರದೆ. ಓಡುವಾಗಿನ ಉಸಿರು. ನೆರಳು, ಉದ್ದವಾದದ್ದು, ಜಡೆಯ ಸಮೇತ. "ಏಳು, ಏಳು, ಏಳು" ಎಂದು ಕಲ್ಲಿಗೆ ಹೇಳುವ ದನಿ. ದನಿ ಬಂದಾಗಲೆಲ್ಲ ತಂಗಿಯ ಮಂಡಿ ನನ್ನ ಮಂಡಿಗೆ ಒತ್ತುತ್ತಿತ್ತು. ಒಂದು ತುಣುಕಿನಲ್ಲಿ ನನ್ನದೇ ಟ್ರ್ಯಾಕ್ಟರಿನ ಕನ್ನಡಿ ಬಂತು, ಅದರೊಳಗೆ ಅವಳು! ಹೆಗಲು, ದುಪಟ್ಟಾ, ಕಿವಿಯ ಓಲೆ. ಮುಖವಿರಬೇಕಾದಲ್ಲಿ ಮುಖಕ್ಕೆ ಹಿಡಿದ ಮೊಬೈಲ್. ತಂಗಿ ಆ ಮೊಬೈಲನ್ನು ಪಕ್ಕಕ್ಕೆ ಸರಿಸುವಂತೆ ಪರದೆಯ ಮೇಲೆ ಬೆರಳಾಡಿಸಿದಳು. ಚಿತ್ರ ನಿಂತುಬಿಟ್ಟಿತು.

"ಅತ್ತೀ, ಸಾಕ್ರಿ," ಅಂದ ಮಗ.

"ನಡಿಸಪಾ. ಇನ್ನೂ ಅದಾವಲ್ಲ."

ಉಳಿದವು ಪ್ರತಿ ದಿನದ ಕೊನೆಯ ತುಣುಕುಗಳು. ಕ್ಯಾಮೆರಾ ನಿಲ್ಲಿಸಬಾರದು ಎಂಬ ತನ್ನ ನಿಯಮವನ್ನು ಹುಡುಗಿ ಮನೆಯವರೆಗೂ ಪಾಲಿಸಿದ್ದಳು. ಓಣಿ, ಹೊಸ್ತಿಲು, ಪಡಸಾಲೆ, ಅಡುಗೆಮನೆಯ ಬಾಗಿಲು, ಒಲೆಯ ಮುಂದೆ ತಂಗಿ. ತಂಗಿ ತಲೆ ಎತ್ತುತ್ತಾಳೆ, "ತಾ ಇಲ್ಲೆ" ಎಂದು ಕೈ ಚಾಚುತ್ತಾಳೆ, ಅಂಗೈ ಬಂದು ಕ್ಯಾಮೆರಾ ಮುಚ್ಚುತ್ತದೆ, ಕತ್ತಲು. ಎಲ್ಲ ದಿನವೂ ಹೀಗೇ.

"ಇವನ್ನ ಅವತ್ತ ನಾ ತಗದ ನೋಡೇ ಇಲ್ಲ," ಅಂದಳು ತಂಗಿ. "ಒಲಿ ಮುಂದಿನವು ಅಂತ ಬಿಟ್ಟಿದ್ನಿ. ಅದರಾಗ ಅಕಿ ಇರಂಗಿಲ್ಲ ಅಂತ ಗೊತ್ತಿತ್ತಲ್ಲ."

ಮತ್ತೊಂದು ಬಂತು. ಮತ್ತೊಂದು. ಹುಬ್ಬು ಗಂಟಿಕ್ಕಿದ, ಸಂಶಯದ ಕಣ್ಣಿನ ತಂಗಿ ಪರದೆಯ ತುಂಬ.

"ನಾ ಅಕಿನ್ನ ಹಿಂಗ ನೋಡ್ತಿದ್ನೇನ? ದಿನಾ?"

"ಹೊಗಿಗೆ ಕಣ್ಣ ಸಣ್ಣ ಮಾಡೀದಿ," ಅಂದೆ. "ಒಲಿ ಮುಂದ ಯಾರ ಮಾರಿ ಆದ್ರೂ..."

"ಸುಮ್ನಿರಣ್ಣಾ. ಇದರಾಗೂ ವ್ಯಾಪಾರ ಮಾಡಬ್ಯಾಡ."

ಮಗ ನನ್ನ ಮುಖ ನೋಡಿದ, ನಿಲ್ಲಿಸಲೇ ಎಂಬಂತೆ. ನಾನು ತಲೆಯಾಡಿಸುವ ಮೊದಲೇ ಮುಂದಿನದು ಶುರುವಾಗಿತ್ತು. ಅವತ್ತು ಕರೆಂಟು ಹೋಗಿರಬೇಕು. ತಂಗಿ ಒಲೆ ಬಿಟ್ಟು ಹಿತ್ತಲ ಬಾಗಿಲಲ್ಲಿ ಬೆಳಕಿಗೆ ಕೂತು ಶೇಂಗಾ ಸುಲಿಯುತ್ತಿದ್ದಾಳೆ. ಕ್ಯಾಮೆರಾ ಹತ್ತಿರ ಬರುತ್ತದೆ. ಅವಳು ತಲೆ ಎತ್ತುತ್ತಾಳೆ. ಹುಬ್ಬಿನಲ್ಲಿ ಗಂಟಿಲ್ಲ. ದಣಿದಿದ್ದಾಳೆ, ಅಷ್ಟೇ, ಬಂದವಳನ್ನು ಕಂಡು ಮುಖ ಮೆತ್ತಗಾಗುತ್ತದೆ.

"ಎಷ್ಟ ಕರ್ರಗಾಗಿ ಬಂದೀ ನೋಡ. ಬಾ ಇಲ್ಲೆ."

ಕೈ ಚಾಚುತ್ತದೆ. ಈ ಸಲ ಅದು ಕ್ಯಾಮೆರಾ ಮುಚ್ಚುವುದಿಲ್ಲ. ಅದನ್ನು ದಾಟಿ ಮೇಲೆ ಹೋಗುತ್ತದೆ. ಪರದೆಯಲ್ಲಿ ಉಳಿಯುವುದು ತಂಗಿಯ ಬಳೆ, ಕುತ್ತಿಗೆಯ ತಾಳಿ, ರವಿಕೆಯ ಹಸಿರು. ಮೇಲೆಲ್ಲೋ ಸೆರಗಿನಿಂದ ಒರೆಸುವ ಸದ್ದು. ಚಿತ್ರ ಸ್ವಲ್ಪ ಅಲುಗುತ್ತದೆ.

"ಬಿಡಬೇ ಅವ್ವಾ, ಬೆವತೇನಿ," ಎನ್ನುತ್ತದೆ ಹುಡುಗಿಯ ದನಿ, ಬಹಳ ಹತ್ತಿರದಿಂದ.

ತಂಗಿ ಮೊಬೈಲನ್ನು ಮಗನ ಕೈಯಿಂದ ತೆಗೆದುಕೊಂಡಳು. ಅದರ ಮೇಲಂಚಿನ ಆಚೆ, ಏನೂ ಇಲ್ಲದ ಕಡೆ, ಗಾಳಿಯಲ್ಲಿ ಬೆರಳಿಟ್ಟಳು.

"ಇಲ್ಲೆ ಐತಿ ಅಕಿ ಹಣಿ. ನೋಡಣ್ಣಾ, ಇಲ್ಲೆ ಮುಟ್ಟೇನಿ."

"ಹೌದವಾ."

ಬೆರಳು ಅಲ್ಲೇ ಇತ್ತು. ನಾನು ಹಾಗೂ ನನ್ನ ಮಗ ಇಬ್ಬರೂ ಆ ಬೆರಳಿನ ತುದಿಯನ್ನೇ ನೋಡುತ್ತ ಕೂತೆವು.

"ಆ ಕಾರ್ಡಿನದನ್ನ ದೊಡ್ಡದ ಮಾಡಸು," ಅಂದಳು ಆಮೇಲೆ. "ಸಿಟ್ಟಿನ್ಯಾಗಿದ್ರೂ ಇರಲಿ, ಅಕೀದ ಮಾರಿ ಅದು. ಮಂದಿ ಮುಂದ ಅದನ್ನ ಇಡೂಣು." ಮೊಬೈಲನ್ನು ನನ್ನ ಮಗನಿಗೆ ತಿರುಗಿ ಕೊಟ್ಟಳು. "ಇದನ್ನ ಇನ್ನೊಮ್ಮಿ ಹಚ್ಚಪಾ."

ಅವನು ಹಚ್ಚಿದ.